ಮಂಡಿ ಮುರಿದವನನ್ನು ಮಾರದ ರೈಟರು

ಸಿಟ್ಟು ಬಂದಾಗ ಅವರ ಎಡಗಿವಿ ಮಾತ್ರ ಕೆಂಪಾಗುತ್ತಿತ್ತು. ಬಲಗಿವಿಯ ಮೇಲೆ ಸದಾ ಒಂದು ಪೆನ್ನು ಕೂತಿರುತ್ತಿತ್ತು, ಅದರ ಭಾರಕ್ಕೆ ಆ ಕಡೆ ರಕ್ತ ಹತ್ತುವುದಿಲ್ಲ ಎಂಬುದು ನಮ್ಮ ಸಂಶೋಧನೆ. ಪಾಂಡವಪುರದ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು, ಹೊಂಗೆ ಮರದ ಕೆಳಗೆ, ಒಂದು ಕಾಲು ಗಿಡ್ಡವಾದ ಮೇಜು ಹಾಕಿಕೊಂಡು ಮೂವತ್ತು ವರ್ಷಕ್ಕೂ ಮೇಲೆ ಜನರ ಕ್ರಯಪತ್ರ, ವಿಭಾಗಪತ್ರ ಬರೆದವರು ಅವರು. ಎಲ್ಲರೂ ಕರೆಯುತ್ತಿದ್ದದ್ದು ರೈಟರು ಎಂದು. ಕೆಲಸವಿದ್ದವರು ಮೊದಲು ಅವರ ಎಡಗಿವಿ ನೋಡಿ, ಆಮೇಲೆ ಬಾಯಿ ತೆಗೆಯುತ್ತಿದ್ದರು.

ಈಗ ಸಿಟ್ಟು ನನ್ನದು. ಗೌರವದಿಂದ ಬರೆಯಬೇಕೆಂದೇ ಕೂತೆ, ಆಗುತ್ತಿಲ್ಲ. ಆ ಮನುಷ್ಯನ ದೆಸೆಯಿಂದ ನಾನು ತಲೆ ಬೋಳಿಸಿಕೊಂಡು ಹೆಣ್ಣು ನೋಡಲು ಹೋಗಬೇಕಾಯಿತು. ಅದೂ ಹನ್ನೊಂದು ಮನೆಯವರಿಂದ ಬೇಡ ಅನ್ನಿಸಿಕೊಂಡು, ಕೊನೆಗೆ ಹನ್ನೆರಡನೆಯವರು ಬನ್ನಿ ಎಂದಿದ್ದಾಗ. ನಮ್ಮ ಕಡೆ ಹೊಲ ನೋಡಿಕೊಂಡಿರುವ ಹುಡುಗನಿಗೆ ಹೆಣ್ಣು ಸಿಗುವುದು ಎಷ್ಟು ಕಷ್ಟವೆಂದು ಬಲ್ಲವರಿಗೆ ನನ್ನ ಹೊಟ್ಟೆಯುರಿ ಅರ್ಥವಾಗುತ್ತದೆ.

ನಾವು ನಾಲ್ವರು ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ಪಾಂಡವಪುರದ ಪಕ್ಕದ ಹಳ್ಳಿಯಲ್ಲಿ ಕಬ್ಬು, ಎರಡು ಹಸು ನೋಡಿಕೊಂಡಿರುವ ನಾನು. ಬಾಬುರಾಯನಕೊಪ್ಪಲಿನಲ್ಲಿ ಸೆಲೂನ್ ಇಟ್ಟಿರುವ ಶ್ರೀರಂಗಪಟ್ಟಣದವನು. ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುವ ಕೆ.ಆರ್. ಪೇಟೆಯವನು. ಗುಮಾಸ್ತನಾಗಿರುವ ನಾಗಮಂಗಲದವನು. ಊರು ಬೇರೆಯಾದ ಮೇಲೆ ಸ್ನೇಹ ತಪ್ಪಬಾರದು, ಒಂದು ಫ್ಯಾಂಟಸಿ ಫುಟ್ಬಾಲ್ ಲೀಗು ಕಟ್ಟೋಣ ಎಂದವನು ನಾನೇ. ಇದರಲ್ಲಿ ನಾವು ಆಡುವುದಿಲ್ಲ. ಇಂಗ್ಲೆಂಡಿನಲ್ಲಿ ನಿಜವಾಗಿ ಆಡುವವರ ಪಟ್ಟಿಯಿಂದ ಮೊಬೈಲಿನಲ್ಲಿ ಒಂದೊಂದು ತಂಡ ಆರಿಸಿಕೊಳ್ಳುತ್ತೇವೆ. ಅವರು ಅಲ್ಲಿ ಗೋಲು ಹೊಡೆದರೆ ನಮಗೆ ಇಲ್ಲಿ ಅಂಕ. ಒಬ್ಬೊಬ್ಬ ಆಟಗಾರನಿಗೂ ಒಂದು ಸುಳ್ಳು ಬೆಲೆಯಿರುತ್ತದೆ. ವಾರಕ್ಕೊಬ್ಬನನ್ನು ಮಾರಿ ಇನ್ನೊಬ್ಬನನ್ನು ತರಬಹುದು. ಆಗಸ್ಟಿನಿಂದ ಮೇ ತಿಂಗಳವರೆಗೆ ನಡೆದು, ಕೊನೆಗೆ ಎಲ್ಲರಿಗಿಂತ ಕೆಳಗಿರುವವನು ತಲೆ ಬೋಳಿಸಿಕೊಳ್ಳಬೇಕು. ಈ ಶಿಕ್ಷೆ ಸೂಚಿಸಿದ ಬುದ್ಧಿವಂತನೂ ನಾನೇ. ಫುಟ್ಬಾಲಿನಲ್ಲಿ ನನ್ನ ಅನುಭವವೆಂದರೆ ಜೀವನದಲ್ಲಿ ಒಂದು ಸಲ ಚೆಂಡು ಒದ್ದಿದ್ದೇನೆ. ಚೆಂಡು ಅಲ್ಲೇ ಇತ್ತು, ಚಪ್ಪಲಿ ನಾಲೆ ಸೇರಿತು.

ಮೊದಲ ವರ್ಷ ನಾನು ಲೀಗು ನಡೆಸಿದ ಚಂದ ನೋಡಬೇಕಿತ್ತು. ಸೇರಿಕೊಳ್ಳುವ ಕೋಡನ್ನು ಸ್ನೇಹಿತರಿಗೆ ಕಳಿಸುವ ಬದಲು ಊರಿನ ಹಾಲಿನ ಡೈರಿಯ ಗ್ರೂಪಿಗೆ ಕಳಿಸಿದೆ. ಪಶು ಆಹಾರದ ಹೊಸ ಯೋಜನೆಯಿರಬೇಕೆಂದು ಮೂವರು ರೈತರು ಸೇರಿಯೂಬಿಟ್ಟರು. ಅವರಲ್ಲಿ ಒಬ್ಬರು ಬಹಳ ದಿನ ನನಗಿಂತ ಮೇಲಿದ್ದರು. ಅವರನ್ನೆಲ್ಲ ತೆಗೆದುಹಾಕಿದ ಮೇಲೆ, ವರ್ಷದ ಕೊನೆಗೆ ಕೆಳಗುಳಿದವನು ನಾನು. ಬೋಳಿಸುವ ನಿಯಮ ಎಲ್ಲೂ ಬರೆದಿಲ್ಲವಲ್ಲ ಎಂದು ವಾದಿಸಿ ಕೂದಲು ಉಳಿಸಿಕೊಂಡೆ. ಮೂವರೂ ಎರಡು ತಿಂಗಳು ಮಾತು ಬಿಟ್ಟರು. ಮುಂದಿನ ಆಗಸ್ಟಿನಲ್ಲಿ ನನ್ನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ರೈಟರ ಮೇಜಿನ ಮುಂದೆ ನಿಲ್ಲಿಸಿ, ಇವನು ಇನ್ನು ತಪ್ಪಿಸಿಕೊಳ್ಳದಂತೆ ಒಂದು ಪತ್ರ ಬರೆದುಕೊಡಿ ಎಂದರು.

ರೈಟರು ಎಲ್ಲವನ್ನೂ ಕೇಳಿಸಿಕೊಂಡರು. ಕಿವಿ ನಿಧಾನವಾಗಿ ಕೆಂಪಾಯಿತು.

"ಅಂದ್ರೆ ಗೇಯೋನು ಅವ್ನು, ಪಹಣಿ ಮಾತ್ರ ನಿಮ್ಮೆಸ್ರಲ್ಲಿ," ಎಂದರು.

ಅಟ್ಟಿಬಿಡುತ್ತಾರೆ ಎಂದುಕೊಂಡೆ, ಒಳಗೊಳಗೇ ಹಿಗ್ಗಿದೆ. ಆದರೆ ಅವರ ಸಿಟ್ಟು ಆಟದ ಮೇಲಲ್ಲ, ಇಷ್ಟು ದಿನ ಬರೆಯದೆ ಆಡಿದ್ದರ ಮೇಲೆ. ಸರ್ಕಾರಿ ಕಾಗದ ಹಾಳು ಮಾಡುವುದಿಲ್ಲವೆಂದು ಗೆರೆ ಹಾಕಿದ ಬಿಳಿ ಹಾಳೆ ತೆಗೆದರು. ಅವರ ಬಾಯಲ್ಲಿ ಮಂಡ್ಯದ ಮಾತು, ಪೆನ್ನಿನಲ್ಲಿ ಕಂದಾಯ ಇಲಾಖೆಯ ಭಾಷೆ. ನಾವು ನಾಲ್ವರೂ ಸ್ವಸ್ಥಚಿತ್ತರಾಗಿ, ಯಾರ ಬಲವಂತವೂ ಇಲ್ಲದೆ ಬರೆದುಕೊಂಡ ಒಡಂಬಡಿಕೆ ಏನೆಂದರೆ, ಎಂದು ಶುರುವಾಯಿತು. ಸ್ವಸ್ಥಚಿತ್ತ ಎಂಬಲ್ಲಿ ಸೆಲೂನಿನವನು ನನ್ನ ಮುಖ ನೋಡಿದ. ಕೊನೆಯ ಸ್ಥಾನದವನು ಫಲಿತಾಂಶ ಬಂದ ಮೂರು ದಿನದೊಳಗೆ ಯಾವುದೇ ನೆಪ ಹೇಳದೆ ಕೇಶಮುಂಡನ ಮಾಡಿಸಿಕೊಳ್ಳತಕ್ಕದ್ದು ಎಂದಾಯಿತು. ಆಮೇಲೆ ಅವರು ಪೆನ್ನು ನಿಲ್ಲಿಸಿ, ನಡುವೆ ಯಾರಾದರೂ ಸತ್ತರೆ ಅವನ ತಂಡ ಏನು ಮಾಡುತ್ತೀರಿ ಎಂದು ಕೇಳಿದರು. ನಾವು ನಕ್ಕೆವು. ಅವರು ನಗಲಿಲ್ಲ. ಮೃತಪಟ್ಟ ಸದಸ್ಯನ ತಂಡವನ್ನು ಯಾರೂ ಮುಟ್ಟತಕ್ಕದ್ದಲ್ಲ, ಅದು ಇದ್ದ ಸ್ಥಿತಿಯಲ್ಲೇ ಕೊನೆಯವರೆಗೆ ಆಡತಕ್ಕದ್ದು ಎಂದು ಬರೆದರು. ಸಹಿ ಸಾಲದೆಂದು ಇಂಕಿನ ಪ್ಯಾಡು ತೆಗೆದು, ನನ್ನ ಹೆಬ್ಬೆರಳನ್ನು ತಾವೇ ಹಿಡಿದು ಹಾಳೆಗೆ ಒತ್ತಿದರು. ಉಗುರು ಬೆಳ್ಳಗಾಯಿತು.

"ಸರ್ಯಾಗ್ ಒತ್ಲಾ. ನಾಳೆ ಇದು ನಂದಲ್ಲ ಅನ್ಬಾರ್ದು."

ಆಸ್ತಿ ಎಂಥದ್ದೆಂದು ತಿಳಿಯದೆ ಪತ್ರ ಬರೆಯುವ ಅಭ್ಯಾಸವಿಲ್ಲವಂತೆ. ಆದ್ದರಿಂದ ತಾವೂ ಒಂದು ತಂಡ ಕಟ್ಟುವುದಾಗಿ ಹೇಳಿ, ನಾಲ್ವರು ಎಂದಿದ್ದನ್ನು ಐವರು ಎಂದು ತಿದ್ದಿ ಚಿಕ್ಕ ಸಹಿ ಹಾಕಿದರು. ಅವರ ಬಳಿ ಇದ್ದದ್ದು ಗುಂಡಿ ಒತ್ತುವ ಮೊಬೈಲು. ಹಾಗಾಗಿ ಅವರ ತಂಡವನ್ನು ನನ್ನ ಮೊಬೈಲಿನಲ್ಲಿ ನಾನೇ ನಡೆಸಬೇಕಾಯಿತು. ಪ್ರತಿ ಶುಕ್ರವಾರ ಅವರ ಆದೇಶ ಒಂದು ಚೀಟಿಯಲ್ಲಿ ಬರುತ್ತಿತ್ತು: ಸದರಿ ತಂಡದಲ್ಲಿ ಯಾವುದೇ ಬದಲಾವಣೆ ಇರುವುದಿಲ್ಲ. ಕೆಳಗೆ ತಾರೀಕು, ಸಹಿ.

ಅವರಿಗೂ ನನಗೂ ಹಳೆಯ ಜಗಳವೊಂದಿತ್ತು. ಅದಕ್ಕೆ ಎರಡು ವರ್ಷ ಮೊದಲು, ನಾಲೆ ರಸ್ತೆ ಪಕ್ಕದ ನಮ್ಮ ಹತ್ತು ಗುಂಟೆ ಮಾರಿ ಕಾರು ತೆಗೆಯಬೇಕೆಂದು ಹೊರಟಿದ್ದೆ. ಹೆಣ್ಣಿನ ಕಡೆಯವರು ಬಂದಾಗಲೆಲ್ಲ ಅಂಗಳದಲ್ಲಿ ಹಸು ಕಾಣುತ್ತದೆ, ಕಾರು ಕಾಣುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಲೇಔಟ್ ಮಾಡುವವನೊಬ್ಬ ಒಪ್ಪಿದ್ದ. ಅಪ್ಪನನ್ನೂ ಅತ್ತು ಕರೆದು ಒಪ್ಪಿಸಿದ್ದೆ, ಆದರೆ ರೈಟರು ಬರೆದರೆ ಮಾತ್ರ ಸಹಿ ಎಂದಿದ್ದರು ಅಪ್ಪ. ನಮ್ಮ ತಾತನ ಕಾಲದ ಕಾಗದವನ್ನೆಲ್ಲ ಓದಿ ಹೇಳಿದ್ದವರು ಅವರೇ. ರೈಟರು ನನ್ನನ್ನು ನೋಡಿ, ಈವತ್ತು ಬರಿಯಾಕಿಲ್ಲ, ನಾಳೆ ಬಾ ಎಂದರು. ಮಾರನೆಯ ದಿನ ಪೆನ್ನಿನ ಇಂಕು ಸರಿಯಿಲ್ಲ, ನಾಳೆ ಬಾ. ಮತ್ತೊಂದು ದಿನ ಕಣ್ಣು ಮಂಜು, ನಾಳೆ ಬಾ. ಹತ್ತು ದಿನ ತಿರುಗಿಸಿದರು. ಕೊಳ್ಳುವವನು ಬೇಸತ್ತು ಬೇರೆ ಕಡೆ ಜಮೀನು ನೋಡಿಕೊಂಡ. ನಾನು ಮೇಜಿನ ಮುಂದೆ ನಿಂತು, ಬರೆಯುವುದು ನಿಮ್ಮ ಕೆಲಸ, ಬರೆಯದಿರಲು ನೀವು ಯಾರು ಎಂದು ಕೂಗಾಡಿದೆ. ಸುತ್ತಲಿನ ಜನ ಎದ್ದು ನಿಂತರು. ಅವರು ಕೂಗಲಿಲ್ಲ.

"ಕಾರ್ ಬೇಕು ಅಂತ ಒಲ ಮಾರ್ಬುಟ್ಟು, ಆ ಕಾರಲ್ಲಿ ಎಲ್ಲಿಗ್ಲಾ ಓದೀಯ?"

ಉತ್ತರ ಇಲ್ಲದಿದ್ದಾಗ ಬರುವ ಸಿಟ್ಟು ಬೇಗ ಇಳಿಯುವುದಿಲ್ಲ. ಒಂದು ವರ್ಷ ಆ ಹೊಂಗೆ ಮರದ ನೆರಳಿಗೂ ಕಾಲಿಡಲಿಲ್ಲ.

ಇಂಥವರ ತಂಡದಲ್ಲಿ ಅಕ್ಟೋಬರಿನಲ್ಲಿ ಗೋಲು ಹೊಡೆಯುವವನೇ ಮಂಡಿ ಮುರಿದುಕೊಂಡ. ಅವನು ನಮ್ಮೆಲ್ಲರ ತಂಡದಲ್ಲೂ ಇದ್ದ. ಸುದ್ದಿ ಬಂದ ಅರ್ಧ ಗಂಟೆಯಲ್ಲಿ ನಾವು ನಾಲ್ವರೂ ಅವನನ್ನು ಮಾರಿದೆವು. ಎಲ್ಲರಿಗಿಂತ ಮೊದಲು ಮಾರಿದವನು ನಾನು. ಅದೂ ಆತುರದಲ್ಲಿ ಇನ್ನೊಬ್ಬ ಕುಂಟನನ್ನೇ ಕೊಂಡೆ. ರೈಟರ ಚೀಟಿಯಲ್ಲಿ ಮಾತ್ರ ಅದೇ ಸಾಲು, ಬದಲಾವಣೆ ಇರುವುದಿಲ್ಲ. ಆ ಆಟಗಾರನ ಬೆಲೆ ವಾರವಾರ ಇಳಿಯಿತು, ರೈಟರ ತಂಡ ತಳ ಸೇರಿತು. ಅವನು ಐದು ತಿಂಗಳು ಏಳುವುದಿಲ್ಲ, ಈಗಲಾದರೂ ಮಾರಿ ಎಂದು ಹೇಳಲು ಹೋದೆ.

"ಬೀಳ್ವಾಗ ಮಾರೋರ್ನ ಮೂವತ್ತ್ ವರ್ಸದಿಂದ ನೋಡ್ತಾ ಕುಂತಿವ್ನಿ ಕಣ್ಲಾ," ಎಂದರು. "ವಾಪಸ್ ತಕ್ಕೊಳಾಕೆ ಬಂದೋನ್ನ ಒಬ್ನನ್ನೂ ನೋಡ್ಲಿಲ್ಲ. ಮಂಡಿ ಮುರ್ದೋನು ಎದ್ದೇ ಏಳ್ತಾನೆ. ಕುಂತ್ಕೊ, ಟೀ ಕುಡಿ."

ಜನವರಿಯಲ್ಲಿ ಮತ್ತೆ ಹೋದೆ, ಅದೇ ಮಾತು ಹೇಳಲು. ಮಧ್ಯಾಹ್ನದ ಹೊತ್ತು. ರೈಟರು ಮೇಜಿನ ಮೇಲೆ ಎರಡೂ ಕೈ ಮಡಿಸಿ ತಲೆಯಿಟ್ಟಿದ್ದರು. ಮುಂದೆ ಬೆಂಚಿನಲ್ಲಿ ಮೂರ್ನಾಲ್ಕು ಜನ ಕಾಗದ ಹಿಡಿದು ಕಾದಿದ್ದರು. ಬೆಳಿಗ್ಗೆ ಯಾರನ್ನೋ ಬೈದು ಕಳಿಸಿದ್ದಾರೆ, ಸಿಟ್ಟಿನಲ್ಲಿದ್ದಾರೆ, ಇಳಿಯಲಿ ಬುಡಿ ಎಂದ ಒಬ್ಬ. ನಾನೂ ಬೆಂಚಿನ ತುದಿಯಲ್ಲಿ ಕೂತೆ. ಕಾಲು ಗಂಟೆ ಕೂತೆ. ಪಕ್ಕದವನಿಗೆ ನನ್ನ ಕುಂಟ ಆಟಗಾರನ ಕಥೆ ಹೇಳಿ ನಗಿಸಿದೆ. ಅವರ ಎಡಗಿವಿ ನನ್ನ ಕಡೆಗೇ ಇತ್ತು. ಕೆಂಪಗಿರಲಿಲ್ಲ. ಇಷ್ಟು ವರ್ಷ ಆ ಕಿವಿ ನೋಡಿಯೇ ಬದುಕಿದವನಿಗೆ ಆ ಒಂದು ದಿನ ಅದು ಕಾಣಬೇಕಿತ್ತು, ಕಾಣಲಿಲ್ಲ. ಕೊನೆಗೆ ಟೀ ತಂದವರು ಭುಜ ಮುಟ್ಟಿದಾಗ ಬಲಗಿವಿಯ ಪೆನ್ನು ಕೆಳಗೆ ಬಿತ್ತು.

ಆಸ್ಪತ್ರೆಯವರು ಬಹಳ ಹೊತ್ತಾಗಿದೆ, ನೀವು ಆ ಬೆಂಚಿಗೆ ಬರುವ ಮೊದಲೇ ಹೋಗಿದ್ದಾರೆ ಎಂದರು. ಸಮಾಧಾನ ಹೇಳಿದ್ದೆಂದು ಗೊತ್ತು. ಆ ಕಾಲು ಗಂಟೆಯ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ತಿಂಗಳು ಕಳೆದ ಮೇಲೆ ಸೆಲೂನಿನಲ್ಲಿ ಲೀಗಿನ ಸಭೆ ಸೇರಿತು. ಸತ್ತವರ ತಂಡ ಪಟ್ಟಿಯ ತಳದಲ್ಲಿ ನೇತಾಡುವುದು ಚೆನ್ನಾಗಿರುವುದಿಲ್ಲ, ತೆಗೆದುಬಿಡೋಣ ಎಂದ ಕೆ.ಆರ್. ಪೇಟೆಯವನು. ನಾನು ಎದ್ದು ನಿಂತು, ಜೇಬಿನಿಂದ ಒಡಂಬಡಿಕೆ ತೆಗೆದು, ಮೃತಪಟ್ಟ ಸದಸ್ಯನ ಸಾಲನ್ನು ಗಟ್ಟಿಯಾಗಿ ಓದಿದೆ. ಅವರ ಕೊನೆಯ ಆಸ್ತಿಗೆ ಕೈ ಹಾಕುವ ನೀವು ಮನುಷ್ಯರೇನ್ರೋ ಎಂದು ಎಗರಾಡಿದೆ. ನಾಗಮಂಗಲದವನು ಕಣ್ಣೊರೆಸಿಕೊಂಡ. ನನ್ನ ಕಣ್ಣಲ್ಲೂ ನೀರು ಬಂತು. ಎದುರಿನ ಕನ್ನಡಿಯಲ್ಲಿ ನನ್ನ ಕೂದಲು ಕಾಣುತ್ತಿತ್ತು. ರೈಟರು ಐದನೆಯವರಾಗಿ ಇದ್ದರೆ ನಾನು ನಾಲ್ಕನೆಯವನು. ಅವರನ್ನು ತೆಗೆದರೆ ಕೊನೆಯವನು ನಾನೇ. ಇದು ಅಲ್ಲಿ ಯಾರಿಗೂ ಹೊಳೆಯಲಿಲ್ಲ, ಗಣಿತದ ಮೇಷ್ಟ್ರಿಗೂ.

ಮಾರ್ಚ್ ಕೊನೆಯಲ್ಲಿ ಮಂಡಿ ಮುರಿದವನು ಎದ್ದ.

ಎದ್ದವನು ಸುಮ್ಮನಿರಲಿಲ್ಲ. ಮೊದಲ ವಾರ ಒಂದು ಗೋಲು, ಮರುವಾರ ಎರಡು. ನಾವು ಮೂರು ಕಾಸಿಗೆ ಮಾರಿದವನು ರೈಟರ ತಂಡದಲ್ಲಿ ಕೂತು ನನ್ನ ಕಡೆಗೆ ಓಡಿ ಬರುತ್ತಿದ್ದ. ಅದೇ ಹೊತ್ತಿಗೆ ನಾಗಮಂಗಲದ ಕಡೆಯ ಹಳ್ಳಿಯಿಂದ ಹೆಣ್ಣು ನೋಡಲು ಬನ್ನಿ ಎಂದು ಹೇಳಿ ಕಳಿಸಿದರು. ದಿನ ಗೊತ್ತಾದದ್ದು ಲೀಗು ಮುಗಿದ ಮುಂದಿನ ಭಾನುವಾರ. ಕೊನೆಯ ವಾರ ಬಂದಾಗ ರೈಟರಿಗಿಂತ ನಾನು ನಾಲ್ಕೇ ಅಂಕ ಮುಂದಿದ್ದೆ.

ಅವರ ತಂಡ ನನ್ನ ಮೊಬೈಲಿನಲ್ಲೇ ಇತ್ತು. ಹಸು ಕಟ್ಟಿ ಬಂದು ಅಂಗಳದಲ್ಲಿ ಕೂತು ತೆಗೆದೆ. ಎಲ್ಲ ಹೆಸರೂ ಅವರು ಬಿಟ್ಟುಹೋದ ಹಾಗೇ ಇದ್ದವು. ಆ ಒಬ್ಬನನ್ನು ಮಾರಿದರೆ ನನ್ನ ಕೂದಲೂ ಉಳಿಯುತ್ತದೆ, ಹೆಣ್ಣೂ ಸಿಗಬಹುದು. ಯಾರೂ ನೋಡುವುದಿಲ್ಲ. ಹೆಬ್ಬೆರಳು ಗುಂಡಿಯ ಮೇಲೆ ಹೋಯಿತು. ಅದೇ ಹೆಬ್ಬೆರಳು. ಉಗುರು ಬೆಳ್ಳಗಾಗುವಂತೆ ಅವರು ಹಿಡಿದಿದ್ದದ್ದು ನೆನಪಾಗಿ ಮೈಯೆಲ್ಲ ಉರಿಯಿತು, ಸತ್ತ ಮೇಲೂ ಬಿಡುವುದಿಲ್ಲವಲ್ಲ ಈ ಮನುಷ್ಯ ಎಂದು. ಅಲ್ಲಿ ನಾನು ಧರ್ಮಾತ್ಮನಾದೆ ಎಂದು ಬರೆದರೆ ಸುಳ್ಳಾಗುತ್ತದೆ. ನಾಳೆ ಮಾರೋಣ ಎಂದುಕೊಂಡೆ. ಮಾರನೆಯ ದಿನ ಮತ್ತೆ ನಾಳೆ ಎಂದೆ. ಹಾಗೆಯೇ ಆ ವಾರದ ಮಾರಾಟದ ಗಡುವು ಕಳೆದುಹೋಯಿತು.

ಅವನು ಎರಡು ಗೋಲು ಹೊಡೆದ. ನನ್ನ ಹನ್ನೊಂದು ಜನ ಇಂಗ್ಲೆಂಡಿನ ಹುಲ್ಲಿನ ಮೇಲೆ ಗಾಳಿ ಸೇವಿಸಿ ಮನೆಗೆ ಹೋದರು.

ಮೂರನೆಯ ದಿನ ಬಾಬುರಾಯನಕೊಪ್ಪಲಿನ ಕುರ್ಚಿಯಲ್ಲಿ ಕೂತೆ. ಸೆಲೂನಿನವನು ಬಟ್ಟೆ ಹೊದಿಸಿ, ಕತ್ತರಿ ಹಿಡಿದು, ಮತ್ತೆ ಕೆಳಗಿಟ್ಟ.

"ಬೇಡ ಬುಡ್ಲಾ. ಎಣ್ಣ್ ನೋಡ್ಕಂಡ್ ಬಾ, ಆಮೇಲ್ ಬೋಳುಸ್ತೀನಿ. ಕಾಗದ ಬರ್ದೋರೇ ಇಲ್ಲ ಈಗ."

"ಒತ್ತಿರೋ ಎಬ್ಬೆಳ್ಳು ಐತಲ್ಲ," ಎಂದೆ. "ಬೋಳ್ಸು."

ನನ್ನ ಧ್ವನಿ ಕೇಳಿ ಅವನು ಮತ್ತೆ ಕತ್ತರಿ ತೆಗೆದುಕೊಂಡ. ಬೋಳಿಸುವಾಗ ಒಂದೂ ತಮಾಷೆ ಮಾಡಲಿಲ್ಲ.

ಮನೆಯಲ್ಲಿ ಅವ್ವ ಪೊರಕೆ ತೆಗೆದುಕೊಂಡಳು. ಅಪ್ಪ ಗಟ್ಟಿಮುಟ್ಟಾಗಿ ಕೂತಿರುವಾಗ ಬೋಳು ತಲೆಯಲ್ಲಿ ಹೆಣ್ಣಿನ ಮನೆ ಹೊಸ್ತಿಲು ತುಳಿಯುತ್ತೀಯಾ ಎಂದು ಅತ್ತಳು. ಕಣ್ಣೊರೆಸಿಕೊಂಡು, ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟಳು. ಯಾರೇ ಕೇಳಲಿ, ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟೆ ಅನ್ನಬೇಕು, ಬೇರೆ ಒಂದಕ್ಷರ ಆಡಕೂಡದು.

ಆ ಮನೆಯಲ್ಲಿ ಖಾರಾಬಾತು, ಕೇಸರಿಬಾತು ಇಟ್ಟರು. ಹುಡುಗಿ ಕಾಫಿ ಕೊಟ್ಟು, ನನ್ನ ತಲೆಯನ್ನು ಒಂದು ಕ್ಷಣ ನೋಡಿ, ತಾಯಿಯ ಪಕ್ಕ ಹೋಗಿ ನಿಂತಳು. ಅವಳ ತಂದೆ ಬಹಳ ಹೊತ್ತು ಮಳೆ, ಬೆಳೆ ಮಾತಾಡಿ, ಕೊನೆಗೆ ಕೇಳಿಯೇಬಿಟ್ಟರು.

"ಯಾರ್ ತೀರ್ಕಂಡ್ರಪ್ಪ ಮನೇಲಿ?"

ಅವ್ವ ನನ್ನ ತೊಡೆ ಚಿವುಟಿದಳು. ಮಾದಪ್ಪ ನಾಲಿಗೆಯ ತುದಿಯಲ್ಲಿದ್ದ.

"ನಮ್ಮ್ ರೈಟ್ರು," ಎಂದೆ.

"ಅವ್ರು ನಿಮಗೇನಾಗ್ಬೇಕು?"

ಚಿಕ್ಕಪ್ಪನಲ್ಲ, ಮಾವನಲ್ಲ. "ನಮ್ಮ್ ಅತ್ತು ಗುಂಟೆ ಮಾರಾಕ್ ಓಗಿದ್ದೆ," ಎಂದೆ. "ಅವ್ರು ಬರ್ಕೊಡ್ಲಿಲ್ಲ."

ಅಪ್ಪ ತಲೆ ತಗ್ಗಿಸಿ ತಟ್ಟೆ ನೋಡುತ್ತಿದ್ದರು. ಹುಡುಗಿಯ ತಂದೆ ಕಾಫಿ ಲೋಟ ಕೆಳಗಿಟ್ಟರು.

"ಒಲ ಐತಾ ಈಗ?"

"ಐತೆ. ಕಬ್ಬಾಕಿದ್ದೀವಿ."

ಅವರು ಒಳಗೆ ಹೋಗಿ ಹೆಂಡತಿ, ಮಗಳೊಂದಿಗೆ ಏನೋ ಮಾತಾಡಿ ಬಂದರು. ಕಾರಿಲ್ಲದ ನಮ್ಮನ್ನು ಬಸ್ಸು ನಿಲ್ಲುವ ಕಡೆಗೆ ತಾವೇ ನಡೆದು ಬಂದು ಬಿಟ್ಟರು. ಬಸ್ಸು ಹತ್ತುವಾಗ, ನಾಳೆ ತಿಳಿಸುತ್ತೇವೆ ಎಂದರು.

ಅವ್ವ ದಾರಿಯುದ್ದಕ್ಕೂ ಬೈದಳು. ನಾಳೆ ಅಂದರೆ ಇಲ್ಲ ಅಂತಲೇ ಅರ್ಥ, ಅಷ್ಟೂ ತಿಳಿಯದವನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದಳು. ನಾನು ಕಿಟಕಿಗೆ ಬೋಳು ತಲೆ ಒರಗಿಸಿ ಕೂತಿದ್ದೆ. ನಾಲೆ ರಸ್ತೆಗೆ ಬಂದಾಗ ನಮ್ಮ ಹತ್ತು ಗುಂಟೆ ಕಂಡಿತು. ಅದನ್ನು ಉಳಿಸಿದ್ದೂ ಅದೇ ನಾಳೆ.