ಬಿಸಿಗಾಳಿಗೆ ದಾರಿ ತೋರಿಸುವ ಫ್ಯಾನಕ್ಕ

ಬೆಳಗಿನ ಆರು ಗಂಟೆ. ಹಸಿರುಮನೆಯ ಪ್ಲಾಸ್ಟಿಕ್ ಹೊದಿಕೆಯ ಮೇಲಿನ ಇಬ್ಬನಿ ಇನ್ನೂ ಆರಿಲ್ಲ. ಹಿಂಬದಿಯ ಗೋಡೆಗೆ ಒರಗಿಸಿದ ಏಣಿಯ ಮೇಲೆ, ಗಂಡನ ಹಳೆಯ ಖಾಕಿ ಅಂಗಿ ತೊಟ್ಟ ಹೆಂಗಸೊಬ್ಬರು ನಾಲ್ಕಡಿ ಅಗಲದ ಫ್ಯಾನಿನ ಚೌಕಟ್ಟಿನೊಳಗೆ ಅರ್ಧ ಮೈ ತೂರಿಸಿ ನಿಂತಿದ್ದಾರೆ. ಕೈಯಲ್ಲಿ ಸ್ಪ್ಯಾನರ್, ಬಾಯಲ್ಲಿ ಎರಡು ನಟ್ಟು. ಕೆಳಗೆ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿರುವವರು ಅವರ ಯಜಮಾನರು.

"ಬೆಲ್ಟು ಸಡಿಲ ಆಗಿದ್ಯೇನೇ?"

"ಹ್ಞೂಂ."

"ಬಿರುಕು ಬಿಟ್ಟಿದ್ಯಾ?"

"ಹ್ಞೂಂಹ್ಞೂಂ."

ಯಜಮಾನರು ನಗುತ್ತಾರೆ. "ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ. ಇವಳು ನನಗೆ ಎದುರು ಮಾತಾಡದೆ ಇರೋದು ಬಾಯಲ್ಲಿ ನಟ್ಟಿದ್ದಾಗ ಮಾತ್ರ!"

ಸುತ್ತಲಿನ ಸಸಿ ಬೆಳೆಗಾರರಿಗೆಲ್ಲ ಈಕೆ 'ಫ್ಯಾನಕ್ಕ'. ವಯಸ್ಸು ಐವತ್ತೆರಡು. ಇಪ್ಪತ್ತಮೂರು ಹಸಿರುಮನೆಗಳ ತೊಂಬತ್ತನಾಲ್ಕು ಫ್ಯಾನುಗಳು ಅವರ ಸುಪರ್ದಿಯಲ್ಲಿವೆ. ಬೇಸಿಗೆಯಲ್ಲಿ ಪ್ರತಿಯೊಂದಕ್ಕೂ ಹದಿನೈದು ದಿನಕ್ಕೊಮ್ಮೆ ಕೈ ತಾಗಲೇಬೇಕು. ಸೂರ್ಯ ನೆತ್ತಿಗೇರುವ ಮೊದಲೇ ಕೆಲಸ ಮುಗಿಯಬೇಕು. ಒಮ್ಮೆ ಬಿಸಿಲು ಚುರುಕಾಯಿತೆಂದರೆ ಅರ್ಧ ಗಂಟೆ ಫ್ಯಾನು ನಿಂತರೂ ಒಳಗಿನ ಸಸಿಗಳು ಕತ್ತು ಬಾಗಿಸುತ್ತವೆ.

ಕೆಲಸಕ್ಕೆ ಅವರದೇ ಶಿಸ್ತಿದೆ. ಮೊದಲು ಮೇನ್ ಸ್ವಿಚ್ ಆರಿಸಿ ಫ್ಯೂಸನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ. "ಬೇರೆಯವರ ಕೈಗೆ ಕೊಡಲ್ಲ. ನಾನು ರೆಕ್ಕೆ ಮಧ್ಯೆ ಇದ್ದಾಗ ಯಾರೋ ಪುಣ್ಯಾತ್ಮರು 'ಸೆಕೆ' ಅಂತ ಸ್ವಿಚ್ ಒತ್ತಿದ್ರೆ?" ಆಮೇಲೆ ಬೆಲ್ಟಿನ ನಡುಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಒಂದು ಬೆರಳಿನ ದಪ್ಪದಷ್ಟು ತಗ್ಗಿದರೆ ಸರಿ. ಹೆಚ್ಚು ತಗ್ಗಿದರೆ ಜಾರುತ್ತದೆ, ತಗ್ಗದಿದ್ದರೆ ಬೇರಿಂಗ್ ಸವೆದುಹೋಗುತ್ತದೆ. ಗಾಳಿಯ ಒತ್ತಡಕ್ಕೆ ತೆರೆದುಕೊಳ್ಳುವ ಹೊರಬದಿಯ ತಗಡಿನ ಪಟ್ಟಿಗಳನ್ನು ಒಂದೊಂದಾಗಿ ಒರೆಸುತ್ತಾರೆ. ಧೂಳು ಕೂತು ಅವು ಅರ್ಧ ಮಾತ್ರ ತೆರೆದರೆ ಮೋಟಾರು ಎಷ್ಟು ತಿರುಗಿದರೂ ಫಲವಿಲ್ಲ. ಗ್ರೀಸನ್ನು ಮಾತ್ರ ಹಿತಮಿತವಾಗಿ ಹಚ್ಚುತ್ತಾರೆ.

ಈ ವಿದ್ಯೆ ಮೊದಲಿದ್ದದ್ದು ಯಜಮಾನರ ಕೈಯಲ್ಲಿ. ಫ್ಯಾನು ಕೂರಿಸುವುದರಲ್ಲಿ ಅವರದು ಪಳಗಿದ ಕೈ. ಹನ್ನೊಂದು ವರ್ಷದ ಹಿಂದೆ ಕಿವಿಯ ಕಾಯಿಲೆಯೊಂದು ಬಂದು, ಎರಡು ಮೆಟ್ಟಿಲು ಹತ್ತಿದರೂ ಲೋಕವೇ ಬುಗುರಿಯಂತೆ ತಿರುಗತೊಡಗಿತು. ಇನ್ನೆಂದೂ ಏಣಿ ಹತ್ತಕೂಡದೆಂದರು ವೈದ್ಯರು. ತಿಂಗಳುಗಟ್ಟಲೆ ಅವರು ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತರು. ಸ್ಪ್ಯಾನರುಗಳನ್ನು ಒರೆಸುವುದು, ಮತ್ತೆ ಪೆಟ್ಟಿಗೆಗೆ ಜೋಡಿಸುವುದು, ಅಷ್ಟೇ.

"ಒಂದಿನ ನೋಡಿ ನೋಡಿ ಸಾಕಾಗಿ ಹೇಳಿದೆ," ನೆನೆಯುತ್ತಾರೆ ಫ್ಯಾನಕ್ಕ. "ರೀ, ಕೆಟ್ಟಿರೋದು ನಿಮ್ಮ ಕಿವಿ, ತಲೆಯಲ್ಲ. ನೀವು ಕೆಳಗೆ ನಿಂತು ಹೇಳಿ, ನಾನು ಹತ್ತುತ್ತೀನಿ."

ಅಲ್ಲಿಯವರೆಗೆ ಅವರು ಮನೆಯಲ್ಲಿ ಬಲ್ಬು ಬದಲಿಸಿದ್ದು ಬಿಟ್ಟರೆ ವಿದ್ಯುತ್ತಿನ ತಂಟೆಗೆ ಹೋದವರಲ್ಲ. ಮೊದಮೊದಲು ಬೆಳೆಗಾರರು ಮುಖ ಮುಖ ನೋಡಿಕೊಂಡರು. ಒಬ್ಬರಂತೂ, "ಅಮ್ಮ, ಇದು ಮಿಕ್ಸಿ ರಿಪೇರಿ ಅಲ್ಲ" ಎಂದು ಗೇಟಿನಿಂದಲೇ ಸಾಗಹಾಕಿದರು. ಕರೆದು ಕೆಲಸ ಕೊಟ್ಟವರು ಒಬ್ಬರೇ: ಶಾಲೆಯಿಂದ ನಿವೃತ್ತರಾಗಿ ತರಕಾರಿ ಸಸಿ ಬೆಳೆಸುತ್ತಿದ್ದ 'ಟೀಚರಮ್ಮ'.

ಅಲ್ಲಿ ಫ್ಯಾನಕ್ಕ ಲೆಕ್ಕ ಕಲಿತರು. ಉದ್ದ ನೂರಡಿ, ಅಗಲ ಮೂವತ್ತು, ಸರಾಸರಿ ಎತ್ತರ ಹನ್ನೆರಡು; ಗುಣಿಸಿದರೆ ಮೂವತ್ತಾರು ಸಾವಿರ ಘನ ಅಡಿ ಗಾಳಿ. ಬೇಸಿಗೆಯಲ್ಲಿ ಅಷ್ಟೂ ಗಾಳಿ ನಿಮಿಷಕ್ಕೊಮ್ಮೆ ಬದಲಾಗಬೇಕು. ಒಂದು ಫ್ಯಾನು ಇಪ್ಪತ್ತು ಸಾವಿರ ತಳ್ಳುತ್ತದೆಂದರೆ ಎರಡು ಬೇಕು. "ಅಂಗಡಿಗೆ ಹೋಗಿ ರೆಕ್ಕೆ ಎಷ್ಟು ದೊಡ್ಡದು ಅಂತ ಕೇಳಬೇಡಿ. ನಿಮಿಷಕ್ಕೆ ಎಷ್ಟು ಗಾಳಿ ತಳ್ಳುತ್ತೆ ಅಂತ ಕೇಳಿ. ಅದೂ ಬಯಲಲ್ಲಿ ಅಲ್ಲ. ಕೀಟ ತಡೆಯೋ ಬಲೆ, ಒದ್ದೆ ಪ್ಯಾಡು ಎಲ್ಲ ಅಡ್ಡ ಇದ್ದಾಗ ಎಷ್ಟು ಅಂತ." ಪ್ಯಾಡು ಅಂದರೆ ಫ್ಯಾನಿನ ಎದುರುಗೋಡೆಗೆ ಕೂರಿಸುವ, ಸದಾ ನೀರು ಹರಿಯುವ ದಪ್ಪ ಕಾಗದದ ಜಾಲರಿ. ಫ್ಯಾನುಗಳು ಬಿಸಿಗಾಳಿಯನ್ನು ಆಚೆ ಎಳೆದಾಗ ಹೊಸ ಗಾಳಿ ಇದರ ಮೂಲಕ ತಂಪಾಗಿ ಒಳಬರುತ್ತದೆ.

ಫ್ಯಾನಕ್ಕನ ಬದುಕಿನ ಅತಿ ಕಷ್ಟದ ದಿನ ಯಾವುದೆಂದು ಕೇಳಿದರೆ ಗಂಡನ ಕಾಯಿಲೆಯ ಮಾತು ಬರುತ್ತದೆ ಎಂದುಕೊಂಡರೆ ಅದು ತಪ್ಪು. ಅವರು ಹೇಳುವುದು ಹೋದ ಬೇಸಿಗೆಯ ಕಥೆ.

ಟೀಚರಮ್ಮ ಹಳೆಯ ಹಸಿರುಮನೆಯ ಹಿಂದೆ ಇನ್ನೊಂದನ್ನು ಕಟ್ಟಿಸಿದರು. ನಾಲ್ಕು ಫ್ಯಾನು ಕೂರಿಸಿದ್ದು ಫ್ಯಾನಕ್ಕನೇ. ಮೂರೇ ದಿನದಲ್ಲಿ ವಿಚಿತ್ರ ಶುರುವಾಯಿತು. ಹೊಸ ಮನೆ ತಂಪಾಗಿದೆ. ಆದರೆ ಎಂದೂ ತೊಂದರೆ ಕೊಡದ ಹಳೆಯ ಮನೆ ಕಾದ ಹಂಚಿನಂತಾಗಿದೆ. ನಲವತ್ತು ಸಾವಿರ ಟೊಮೆಟೊ ಸಸಿಗಳು ಮಧ್ಯಾಹ್ನವಾದರೆ ಸೋತು ಮಲಗುತ್ತಿವೆ. ಫ್ಯಾನು ಮಾರುವವನೊಬ್ಬ ಬಂದು, ಇನ್ನೆರಡು ಫ್ಯಾನು ಹಾಕಿದರೆ ಎಲ್ಲ ಸರಿಹೋಗುತ್ತದೆಂದು ಹೇಳಿಹೋದ.

ಫ್ಯಾನಕ್ಕ ಬೆಲ್ಟು ನೋಡಿದರು, ಮೋಟಾರು ನೋಡಿದರು, ಎಲ್ಲವೂ ಸರಿಯಿತ್ತು. ಕೊನೆಗೆ ಎರಡು ಮನೆಗಳ ನಡುವಿನ ಇಪ್ಪತ್ತಡಿ ಓಣಿಗೆ ಹೋಗಿ ಹಳೆಯ ಮನೆಯ ಪ್ಯಾಡಿನ ಮುಂದೆ ನಿಂತರು. "ಬಿಸಿ ಬಿಸಿ ಒದ್ದೆ ಬಟ್ಟೆ ತಂದು ಮುಖಕ್ಕೆ ಮುಚ್ಚಿದ ಹಾಗಾಯ್ತು. ಆ ಕ್ಷಣ ಗೊತ್ತಾಯ್ತು."

ಹೊಸ ಮನೆಯ ಫ್ಯಾನುಗಳು ಉಗುಳುತ್ತಿದ್ದ ಬಿಸಿ ಹಬೆಯನ್ನೇ ಹಳೆಯ ಮನೆ ಉಸಿರಾಡುತ್ತಿತ್ತು. ಖಾತ್ರಿ ಮಾಡಿಕೊಳ್ಳಲು ಹೊಸ ಮನೆಯ ಫ್ಯಾನುಗಳನ್ನು ಹತ್ತು ನಿಮಿಷ ನಿಲ್ಲಿಸಿದರು. ಹಳೆಯ ಮನೆಯ ಥರ್ಮಾಮೀಟರು ಮೂರು ಡಿಗ್ರಿ ಇಳಿಯಿತು.

"ಗಾಳಿ ಬೀಸೋ ದಿಕ್ಕು ನೋಡಿ ಕೂರಿಸಿದ್ದೆ. ಎದುರಿಗೆ ಯಾರಿದ್ದಾರೆ ಅಂತ ನೋಡಲಿಲ್ಲ. ಕೂರಿಸುವಾಗಲೇ ಇವರು, 'ಆ ಕಡೆ ಪ್ಯಾಡು ಇದೆಯಲ್ಲೇ' ಅಂದಿದ್ರು. 'ಇಪ್ಪತ್ತಡಿ ಜಾಗ ಇದೆ, ಸಾಕು ಬಿಡಿ' ಅಂತ ನಾನೇ ಬಾಯಿ ಮುಚ್ಚಿಸಿದ್ದೆ. ಅವತ್ತು ಓಣಿಯಲ್ಲಿ ನನ್ನ ಪಕ್ಕಾನೇ ನಿಂತಿದ್ರು. 'ನಾನು ಹೇಳಿರಲಿಲ್ವಾ' ಅಂತ ಒಂದು ಮಾತು ಆಡಲಿಲ್ಲ. ಇವತ್ತಿನವರೆಗೂ ಆಡಿಲ್ಲ. ಅದಕ್ಕೆ ನಾನು ಇವರಿಗೆ ಋಣಿ."

ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಾರುವವನ ಮಾತು ಹೇಗೂ ಇತ್ತು. ಫ್ಯಾನಕ್ಕ ನೇರವಾಗಿ ಟೀಚರಮ್ಮನ ಮುಂದೆ ಹೋಗಿ ನಿಂತರು. "ಮೇಡಂ, ಹೊಸ ಫ್ಯಾನು ಬೇಡ. ತಪ್ಪು ನಂದೇ. ಬೇರೆ ಯಾರನ್ನಾದ್ರೂ ಕರೆಸಿ ನಾನು ಕೂರಿಸಿದ ಫ್ಯಾನುಗಳನ್ನ ಆಚೆ ಕಡೆಗೆ ತಿರುಗಿಸಿಕೊಳ್ಳಿ, ನನಗೆ ಮುಖ ಇಲ್ಲ."

ಟೀಚರಮ್ಮ ಕನ್ನಡಕ ತೆಗೆದು ಒರೆಸಿದರಂತೆ. "ಮೂವತ್ತು ವರ್ಷ ಮಕ್ಕಳ ಪುಸ್ತಕ ತಿದ್ದಿದೀನಿ ಕಣಮ್ಮ. ತಪ್ಪು ಬರೆದವರ ಕೈಲೇ ಸರಿ ಬರೆಸಬೇಕು. ಎಷ್ಟು ದಿನ ಬೇಕು ಹೇಳು."

"ಎರಡು ದಿನ."

ಆ ಎರಡು ದಿನ ಸಸಿ ಮನೆಯ ಕೆಲಸದವರೆಲ್ಲ ಕೈಜೋಡಿಸಿದರು. ಕೆಲವರು ಹಳೆಯ ಮನೆಯ ಮೇಲೆ ನೆರಳುಬಲೆ ಎಳೆದು ಸಸಿಗಳಿಗೆ ಗಂಟೆಗೊಮ್ಮೆ ನೀರು ಚಿಮುಕಿಸಿದರು. ಉಳಿದವರು ಹೊಸ ಮನೆಯ ಫ್ಯಾನುಗಳನ್ನು ಇಳಿಸಿ ಆಚೆ ಗೋಡೆಗೆ ಸಾಗಿಸಿದರು. ಪ್ಯಾಡು ಓಣಿಯ ಕಡೆಗೆ ಬಂತು. ಈಗ ಫ್ಯಾನುಗಳು ಗಾಳಿ ಬೀಸುವ ದಿಕ್ಕಿಗೆ ಎದುರಾದ್ದರಿಂದ, ಆ ಗಾಳಿಯನ್ನು ತಳ್ಳಲು ಬಲ ಸಾಲದೆಂದು ಫ್ಯಾನಕ್ಕ ತಮ್ಮಲ್ಲಿದ್ದ ಫ್ಯಾನೊಂದನ್ನು ತಂದು ಐದನೆಯದಾಗಿ ಸೇರಿಸಿದರು. ಯಜಮಾನರು ಪ್ರತಿ ಬೋಲ್ಟಿಗೂ ಕೆಳಗಿನಿಂದ ದನಿ ಕೊಟ್ಟರು. ಈ ಸಲ ಎದುರು ಮಾತಿರಲಿಲ್ಲ, ಬಾಯಲ್ಲಿ ನಟ್ಟೂ ಇರಲಿಲ್ಲ.

ಹದಿನೆಂಟು ಟ್ರೇ ಸಸಿ ಉಳಿಯಲಿಲ್ಲ. ಮಿಕ್ಕವೆಲ್ಲ ಒಂದೇ ವಾರದಲ್ಲಿ ಎದ್ದು ನಿಂತವು. "ಮೊದಲ ಸಲ ನಂಬಿದ್ರಲ್ಲ, ಅದು ದೊಡ್ಡದೇ. ಆದ್ರೆ ಕೆಡಿಸಿದ ಮೇಲೂ ನಂಬಿದ್ರು ನೋಡಿ..." ಎನ್ನುತ್ತ ಫ್ಯಾನಕ್ಕ ಕೈಗೆ ಮೆತ್ತಿದ ಗ್ರೀಸನ್ನು ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಒರೆಸಿಕೊಳ್ಳುತ್ತಾರೆ. ಈಗ ಎಲ್ಲೇ ಫ್ಯಾನು ಕೂರಿಸುವ ಮುಂಚೆ ಕೋಲಿಗೆ ರಿಬ್ಬನ್ ಕಟ್ಟಿಕೊಂಡು ಹೋಗಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಜಾಗದ ಸುತ್ತ ನಡೆದು ನೋಡುತ್ತಾರೆ. ಅಕ್ಕಪಕ್ಕದ ಮನೆ, ದನದ ಕೊಟ್ಟಿಗೆ, ಕಿಟಕಿ, ಯಾವುದೂ ಕಣ್ಣು ತಪ್ಪುವುದಿಲ್ಲ.

ಎಂಟು ಗಂಟೆಯ ಹೊತ್ತಿಗೆ ಇವತ್ತಿನ ಕೆಲಸ ಮುಗಿಯುತ್ತದೆ. ಫ್ಯೂಸು ಜೇಬಿನಿಂದ ಹೊರಬಂದು ಜಾಗ ಸೇರುತ್ತದೆ. ಒಂದೊಂದಾಗಿ ತಗಡಿನ ಪಟ್ಟಿಗಳು ತೆರೆದುಕೊಳ್ಳುತ್ತವೆ. ಫ್ಯಾನಕ್ಕ ಫ್ಲಾಸ್ಕಿನ ಚಹಾವನ್ನು ಎರಡು ಲೋಟಕ್ಕೆ ಬಗ್ಗಿಸಿ ಯಜಮಾನರ ಪಕ್ಕ ಕೂರುತ್ತಾರೆ.

ಒಳಗಿನಿಂದ ಸಸಿ ಎಣಿಸುತ್ತಿದ್ದ ಹೆಂಗಸೊಬ್ಬರು ಬಾಗಿಲಲ್ಲಿ ತಲೆ ಹಾಕಿ ಕೇಳುತ್ತಾರೆ: "ಅಕ್ಕ, ಫ್ಯಾನು ಯಾವಾಗ ಹಾಕ್ತೀರಿ? ಸದ್ದೇ ಇಲ್ಲ?"

"ಹಾಕಿ ಕಾಲು ಗಂಟೆ ಆಯ್ತು ಕಣವ್ವ."

ಆಕೆ ಒಮ್ಮೆ ತಲೆಯೆತ್ತಿ, ತಿರುಗುತ್ತಿರುವ ರೆಕ್ಕೆಗಳನ್ನು ನೋಡಿ, "ಅಯ್ಯೋ, ಹೌದಲ್ಲ!" ಎಂದು ನಕ್ಕು ಒಳಹೋಗುತ್ತಾರೆ.

ಫ್ಯಾನಕ್ಕ ಗಂಡನ ಕಡೆ ತಿರುಗಿ ಹುಬ್ಬು ಹಾರಿಸುತ್ತಾರೆ. "ಕೇಳಿಸ್ತೇನ್ರೀ? ಸದ್ದೇ ಇಲ್ವಂತೆ! ಇನ್ನು ಯಾರೂ ನನ್ನ ಹೊಗಳಬೇಕಾಗಿಲ್ಲ."