ಕೆಸರಿನ ಉಪಚಾರ

ಹುಲ್ಲಹಳ್ಳಿ ಕಾಲುವೆಯ ಪಕ್ಕದ ರೆಸಾರ್ಟಿಗೆ ಹೋದವರು ಅಲ್ಲಿ ಅತಿಥಿಗಳನ್ನು ನೋಡಿಕೊಳ್ಳುವ ಪುಟ್ಟಬಸವಯ್ಯನವರನ್ನು ಮರೆಯಲಾರರು. ಕಾರಿನ ಬಾಗಿಲು ತೆರೆಯುವುದರೊಳಗೆ ಅವರ ಎಳನೀರು ಎದುರಿಗಿರುತ್ತದೆ. “ಬೆಟ್ಟದ್ ರೆಸಾರ್ಟಲ್ಲಿ ಮಂಜು ತೋರುಸ್ತಾರೆ, ಕಾಡಲ್ಲಿ ಆನೆ, ಸಮುದ್ರದತ್ರ ಅಲೆ. ನಮ್ದು ಕೆಸ್ರು ಸಾ!” ಎನ್ನುತ್ತ ಎಲ್ಲರನ್ನೂ ಭತ್ತದ ನಾಟಿಗೆ ಇಳಿಸುತ್ತಾರೆ. ಪಟ್ಟಣದವರು ಪೈರನ್ನು ತಲೆಕೆಳಗಾಗಿ ನೆಟ್ಟರೂ “ಒಳ್ಳೆ ಕೈ ಕಣ್ರೀ” ಎಂದು ಹೊಗಳಿ, ಅವರು ಊಟಕ್ಕೆ ಹೋದ ಮೇಲೆ ತಾವೇ ತಿದ್ದುತ್ತಾರೆ. ಮೂವತ್ತು ವರ್ಷ ಕೂಲಿನಾಟಿ ಮಾಡಿ ಸೊಂಟ ಬಾಗಿಸಿಕೊಂಡ ಹೆಂಡತಿ ಚಲುವಮ್ಮನನ್ನು ಒಂದು ದಿನವಾದರೂ ಇಲ್ಲಿ ಅತಿಥಿಯಾಗಿ ಕೂರಿಸಬೇಕೆಂಬುದು ಅವರ ಬಹುದಿನದ ಆಸೆ. ಕಳೆದ ಭಾನುವಾರ ರೆಸಾರ್ಟಿನ ಯಜಮಾನರ ಒಪ್ಪಿಗೆ ಪಡೆದು, ಆಕೆಯನ್ನು ಕರೆತಂದು, ನೆರಳಿನಲ್ಲಿ ಕುರ್ಚಿ ಹಾಕಿದರು. ಚಲುವಮ್ಮ ಐದು ನಿಮಿಷ ಕುಳಿತರು. ಅತಿಥಿಗಳ ಸೊಟ್ಟ ಸಾಲುಗಳನ್ನು ಕಂಡು ತಡೆಯಲಾರದೆ, ಸೀರೆ ಎತ್ತಿ ಕಟ್ಟಿ ಗದ್ದೆಗಿಳಿದರು. “ಬಾಮ್ಮಿ ಮೇಲಕ್ಕೆ, ಗೆಸ್ಟಾದೋರು ಕೆಲ್ಸ ಮಾಡಂಗಿಲ್ಲ!” ಎಂದು ಇವರು ಕೂಗಿದರೆ, “ಇವ್ರೆಲ್ಲಾ ಗೆಸ್ಟಲ್ವಾ? ಮಾಡ್ತಾವ್ರಲ್ಲಾ!” ಎಂದು ಆಕೆ ನಕ್ಕರು. ಪುಟ್ಟಬಸವಯ್ಯ ಎಳನೀರು ಹಿಡಿದು ತಾವೂ ಕೆಸರಿಗಿಳಿದು, “ತಗಳಿ ಮೇಡಂ, ಒಳ್ಳೆ ಕೈ ನಿಮ್ದು” ಎಂದರು. ಅಂದು ಊಟದ ಹೊತ್ತಿಗೆ ಅವರಿಗೆ ತಿದ್ದಲು ಒಂದು ಪೈರೂ ಉಳಿದಿರಲಿಲ್ಲ.