ಬಾರಿಸು ಎಂದವರು ಯಾರು

ದೆವ್ವಗಳನ್ನು ನಾನು ನಂಬುತ್ತಿರಲಿಲ್ಲ. ನಂಬುವುದಾದರೂ ಹೇಗೆ? ಬೈಲಹೊಂಗಲದ ನಮ್ಮ ಹಾಸ್ಟೆಲ್ಲಿನಲ್ಲಿ ದೆವ್ವದ ದನಿ ತೆಗೆಯುತ್ತಿದ್ದವನೇ ನಾನು. ನೀರಿನ ಟಾಕಿಯ ಹಿಂದೆ ನಿಂತು ಹೆಣ್ಣಿನ ದನಿಯಲ್ಲಿ ನಕ್ಕು ಹೊಸ ಹುಡುಗರಿಗೆ ಜ್ವರ ಬರಿಸುವವನೂ ನಾನೇ, ಬೆಳಿಗ್ಗೆ ಎದ್ದು ಅವರ ಹಣೆಗೆ ಭಕ್ತಿಯಿಂದ ವಿಭೂತಿ ಹಚ್ಚುವವನೂ ನಾನೇ. ದಿನವಿಡೀ ಪೇಢೆ ಕಟ್ಟುವವನಿಗೆ ಪೇಢೆಯ ಆಸೆ ಸತ್ತಿರುತ್ತದಲ್ಲ, ಹಾಗೆ ನನಗೆ ದೆವ್ವದ ಭಯ ಸತ್ತಿತ್ತು. ಅಂಥವನು ಇದನ್ನು ಬರೆಯಲು ಕೂತಿದ್ದಾನೆಂದು ನಿಮಗೆ ನಗು ಬಂದರೆ ನಕ್ಕುಬಿಡಿ. ನನ್ನ ಮಾತಿಗೆ ಜನ ಯಾವಾಗಲೂ ನಕ್ಕಿದ್ದಾರೆ. ಈ ಒಂದು ಸಂಗತಿಗೆ ಮಾತ್ರ ಯಾರೂ ನಗಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಬಿ.ಎ. ಓದುತ್ತಿದ್ದೆ, ಅಂದರೆ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿತ್ತು. ಪ್ರಿನ್ಸಿಪಾಲರ ಕೆಮ್ಮು, ಸವದತ್ತಿ ಬಸ್ಸಿನ ಕಂಡಕ್ಟರನ ಸಿಡುಕು, ಮೆಸ್ಸಿನ ಅಡುಗೆಯವನ ಆಣೆ ಪ್ರಮಾಣ ಎಲ್ಲವೂ ನನ್ನ ಗಂಟಲಲ್ಲಿದ್ದವು. ಮನೆಗೆ ಫೋನ್ ಮಾಡಿ ರೊಕ್ಕ ಕೇಳುವಾಗ ನನ್ನ ದನಿ ಹೇಗೆ ಕುಂಯ್‌ಗುಡುತ್ತದೆ ಎಂಬುದನ್ನೂ ಮಾಡಿ ತೋರಿಸುತ್ತಿದ್ದೆ. ಅದಕ್ಕೇ ಹೆಚ್ಚು ಚಪ್ಪಾಳೆ.

ನನ್ನ ರೂಮಿನವನು ಬಸು, ಸವದತ್ತಿ ತಾಲೂಕಿನ ಒಂದು ಹಳ್ಳಿಯವನು. ಅವನ ಹೆಸರನ್ನು ಬದಲಿಸಿದ್ದೇನೆ, ಊರಿನ ಹೆಸರು ಹೇಳುವುದಿಲ್ಲ. ಉಳಿದ ಹುಡುಗರಿಗೆ ಸಿನಿಮಾ, ಕ್ರಿಕೆಟ್ಟಿನ ಹುಚ್ಚಿದ್ದರೆ ನಮ್ಮಿಬ್ಬರಿಗೆ ಬ್ಯಾಂಡ್ ಕಂಪನಿಗಳ ಹುಚ್ಚು. ಮದುವೆಯ ಮೆರವಣಿಗೆಯಲ್ಲಿ ಕೆಂಪು ಕೋಟು ತೊಟ್ಟು ಬೆವರು ಸುರಿಸುತ್ತ ಬಾರಿಸುತ್ತಾರಲ್ಲ, ಅವರೇ. ಹೆಸರಾದ ಕಂಪನಿಗಳು ನಮಗೆ ಬೇಡ. ಹೊಸದಾಗಿ ಹುಟ್ಟಿದ, ಯಾರೂ ಕೇಳದ, ಕೋಟಿನ ಗುಂಡಿಗಳು ಇನ್ನೂ ಹೊಳೆಯುತ್ತಿರುವ ಕಂಪನಿಗಳನ್ನು ಎಲ್ಲರಿಗಿಂತ ಮೊದಲು ಕಂಡುಹಿಡಿಯಬೇಕು. ಮುಂದೆ ಅವರು ದೊಡ್ಡವರಾದಾಗ, "ಇವರನ್ನ ನಾವು ನೇಸರಗಿ ಓಣ್ಯಾಗ ಯಾರೂ ಕೇಳದಾಗ ಕೇಳೀವಿ" ಎಂದು ಜಂಬ ಹೊಡೆಯಬೇಕು. ಇಷ್ಟಕ್ಕಾಗಿ ಕಿತ್ತೂರು, ಸವದತ್ತಿ, ರಾಮದುರ್ಗದ ಎಷ್ಟೋ ಮದುವೆಗಳಿಗೆ ಕರೆಯದೆ ಹೋಗಿದ್ದೇವೆ. "ಯಾರ ಕಡೇವರ್ರಿ ತಮ್ಮಾ?" ಎಂದು ಹೆಣ್ಣಿನ ಕಡೆಯವರು ಕೇಳಿದರೆ ಗಂಡಿನ ಕಡೆ, ಗಂಡಿನ ಕಡೆಯವರು ಕೇಳಿದರೆ ಹೆಣ್ಣಿನ ಕಡೆ. ಹುಗ್ಗಿ ಮಾತ್ರ ಎರಡೂ ಕಡೆಯದು.

ಈ ಹುಚ್ಚು ಬಸುವಿಗೆ ಬಂದದ್ದು ಅವನ ಅಪ್ಪನಿಂದ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಊರ ಅಗಸಿಬಾಗಿಲಿನಿಂದ ಹನಮಪ್ಪನ ಗುಡಿಗೆ ಹೋಗುವ ದಾರಿಯಲ್ಲೇ ಅವರ ಮನೆ. ಮದುಮಗನನ್ನು ಗುಡಿಗೆ ಕರೆದೊಯ್ಯುವ ಯಾವ ಮೆರವಣಿಗೆಯೂ ಅವರ ಕಟ್ಟೆಯ ಮುಂದೆ ಒಂದು ಬಾರಿಸದೆ ಮುಂದೆ ಹೋಗುವಂತಿರಲಿಲ್ಲ. ಬ್ಯಾಂಡಿನವರು ದಣಿದು ಸುಮ್ಮನೆ ನಡೆಯುತ್ತಿದ್ದರೆ ಕಾಕಾ ಕೂತಲ್ಲಿಂದಲೇ ಕೂಗುತ್ತಿದ್ದರು: "ಹ್ಞಾಂ... ಬಾರಸ್ರೆಪಾ! ಯಾಕ ನಿಂದ್ರಿಸಿದ್ರಿ?" ಮೊದಲು ಗಂಟಲ ಆಳದಲ್ಲಿ ಆ "ಹ್ಞಾಂ", ಆಮೇಲೆ ಮೂಗಿನಲ್ಲಿ ಒಂದು ಸುತ್ತು ಸುತ್ತಿ ಹೊರಬರುವ ಮಾತು. ಬಾರಿಸಿದ ಮೇಲೆ ಎಲ್ಲರಿಗೂ ಮಜ್ಜಿಗೆ.

ನನ್ನ ಐಟಂಗಳಲ್ಲೆಲ್ಲ ಕಾಕಾನ ದನಿಯೇ ಮೇಲು. ಕಾಲೇಜಿನ ಗ್ಯಾದರಿಂಗಿನಲ್ಲಿ ಮೈಕಿನ ಮುಂದೆ ಮಾಡಿದಾಗ ಅವರ ಊರಿನ ಹುಡುಗರು ಬೆಂಚಿನ ಮೇಲೆ ಹತ್ತಿ ಕುಣಿದಿದ್ದರು. ಸುದ್ದಿ ತಿಳಿದ ಕಾಕಾ ಸಿಟ್ಟಾಗಲಿಲ್ಲ. ನಾನು ಹೋದಾಗಲೆಲ್ಲ ಬೀಗರನ್ನು ಕೂರಿಸಿಕೊಂಡು, "ಏ ಬಾರೋ, ನನ್ನ ನನಗ ಕೇಳಸು" ಎನ್ನುತ್ತಿದ್ದರು. ಮಾಡಿದರೆ ಹೊಟ್ಟೆ ಹಿಡಿದು ನಗುವರು. "ಹಿಂಗ ಒದರತೇನೇನೋ ನಾನು? ಹಂಗಾರ ಬ್ಯಾಂಡಿನವರು ಹೆದರಿನ ಬಾರಸ್ತಾರ ಬಿಡು!"

ಆ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ಹೊಲದಿಂದ ಬಂದವರು ಎದೆ ನೋವು ಎಂದು ಮಲಗಿದರಂತೆ. ಮಧ್ಯಾಹ್ನದವರೆಗೂ "ಬಸು ಬಂದನೇನು?" ಎಂದು ಕೇಳುತ್ತಿದ್ದರಂತೆ. ಹಾಸ್ಟೆಲ್ಲಿಗೆ ಫೋನ್ ಬಂದಾಗ ನಾವಿಬ್ಬರೂ ಅಲ್ಲಿರಲಿಲ್ಲ. ಕಿತ್ತೂರಿನಲ್ಲಿ ಯಾರದೋ ಮದುವೆಯಲ್ಲಿ ಯಾವುದೋ ಹೊಸ ಬ್ಯಾಂಡಿನ ಹಿಂದೆ ನಡೆಯುತ್ತಿದ್ದೆವು. ಬಸು ಊರು ಮುಟ್ಟಿದಾಗ ಮಣ್ಣು ಮಾಡಲು ಎತ್ತುವ ಹೊತ್ತು. ಆ ದಿನ ಅವನು ಅಳಲಿಲ್ಲ. ನನ್ನ ಕೈಯನ್ನು ಮಾತ್ರ ಬಿಡಲಿಲ್ಲ.

ನಾನು ಅಲ್ಲೇ ಉಳಿದೆ. ಕಾಕಾನ ಹೆಸರಿನ ಶಿವಗಣಾರಾಧನೆ ಇನ್ನೂ ಆಗಿರಲಿಲ್ಲ, ಅಷ್ಟರಲ್ಲಿ ಅದೇ ಓಣಿಯಲ್ಲಿ ಮೊದಲೇ ಗೊತ್ತಾಗಿದ್ದ ಒಂದು ಮದುವೆ. ಮದುವೆ ಮನೆಯ ಹಿರಿಯರು ಬಂದು ತಲೆ ತಗ್ಗಿಸಿ ಕೂತರು. ಬಸುವಿನ ದೊಡ್ಡಪ್ಪ, "ಮದುವಿ ನಿಂದ್ರಸಬ್ಯಾಡ್ರಿ. ನಮ್ಮ ಮನಿ ಮುಂದ ಒಂದ ಬಾರಸಬ್ಯಾಡ್ರಿ, ಅಷ್ಟ ಸಾಕು" ಎಂದರು. ಸಾವಾದ ಮನೆ ದಾಟುವವರೆಗೆ ವಾದ್ಯ ನಿಲ್ಲಿಸುವುದು ನಮ್ಮ ಕಡೆ ಯಾರೂ ಹೇಳಿಕೊಡಬೇಕಿಲ್ಲದ ಪದ್ಧತಿ. ಅವರೂ ಒಪ್ಪಿ ಹೋದರು.

ಬಂದ ಬ್ಯಾಂಡು ರಾಮದುರ್ಗದ ಕಡೆಯದು. ಎಷ್ಟು ಹೊಸದೆಂದರೆ ದೊಡ್ಡ ಡ್ರಮ್ಮಿನ ಮೇಲೆ ಕಂಪನಿಯ ಹೆಸರು ಬರೆಸುವ ಜಾಗ ಇನ್ನೂ ಖಾಲಿ ಇತ್ತು. ಸಂಜೆ ಅಗಸಿಯ ಕಡೆಯಿಂದ ಕ್ಲಾರಿಯೋನೆಟ್ ಕೇಳಿಸಿತು. ಅಷ್ಟು ಮೆತ್ತಗಿನ ಕ್ಲಾರಿಯೋನೆಟ್ಟನ್ನು ನಾವು ಅದುವರೆಗೆ ಕೇಳಿರಲಿಲ್ಲ. ಪಡಸಾಲೆಯಲ್ಲಿ ಕೂತಿದ್ದ ಬಸು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

"ನೀ ಹೋಗಿ ಕೇಳು. ಅಪ್ಪ ಇದ್ದಿದ್ರ ಅಗಸಿತನಾ ಹೋಗತಿದ್ರು" ಎಂದ.

"ಬ್ಯಾಡ ಬಿಡೋ."

"ಹೋಗಂದ್ನೆಲ್ಲಾ. ಬಂದು ನನಗೇನೂ ಹೇಳಬ್ಯಾಡ ಮತ್ತ."

ಹೋದೆ. ಮನೆಯ ಎದುರಿಗೆ ಬೇವಿನ ಗಿಡದ ಹತ್ತಿರ ಜನರ ನಡುವೆ ನಿಂತೆ. ಮೆರವಣಿಗೆ ಓಣಿಗೆ ತಿರುಗಿದ ಕೂಡಲೇ ಬ್ಯಾಂಡ್ ಮಾಸ್ತರ ಕೈ ಎತ್ತಿದ, ಬ್ಯಾಂಡು ನಿಂತಿತು. ನನ್ನಷ್ಟೇ ವಯಸ್ಸಿನ ತೆಳ್ಳನೆಯ ಹುಡುಗ ಅವನು. ಕ್ಲಾರಿಯೋನೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ತಲೆ ತಗ್ಗಿಸಿ ನಡೆದ. ಚಪ್ಪಲಿಗಳ ಸಪ್ಪಳ, ಕುದುರೆಯ ಗೊರಸಿನ ಸಪ್ಪಳ, ಬೇರೇನೂ ಇಲ್ಲ. ಕಾಕಾನ ಮನೆಯ ಮಾಳಿಗೆಯ ಹಿಂದೆ ಇಳಿಯುತ್ತಿದ್ದ ಸೂರ್ಯ ನಮ್ಮ ಕಣ್ಣಿಗೇ ಹೊಡೆಯುತ್ತಿದ್ದ. ಕಟ್ಟೆ ನೆರಳಿನಲ್ಲಿ ಕಪ್ಪಗೆ ಕಾಣುತ್ತಿತ್ತು. ಬಾಗಿಲು ಅರ್ಧ ಮುಚ್ಚಿತ್ತು.

ಬ್ಯಾಂಡಿನವರು ಸರಿಯಾಗಿ ಕಟ್ಟೆಯ ಮುಂದೆ ಬಂದಾಗ ಆ ದನಿ ಬಂತು.

"ಹ್ಞಾಂ... ಬಾರಸ್ರೆಪಾ. ಯಾಕ ನಿಂದ್ರಿಸಿದ್ರಿ?"

ಕೂಗಿನ ದನಿಯಲ್ಲ. ಎದುರಿಗೆ ನಿಂತವರಿಗೆ ಹೇಳುವಷ್ಟೇ ಮೆಲ್ಲಗಿನ ಮಾತು. ಆದರೆ ಆ ಮೌನದಲ್ಲಿ ಎಲ್ಲರಿಗೂ ಕೇಳಿಸಿತು. ಮಾಸ್ತರ ಕಟ್ಟೆಯ ಕಡೆ ತಿರುಗಿ, ಕ್ಲಾರಿಯೋನೆಟ್ಟನ್ನು ಹಣೆಗೆ ಮುಟ್ಟಿಸಿ, ಬಾರಿಸಲು ಶುರುಮಾಡಿದ. ತೊಟ್ಟಿಲ ಪದದ ಧಾಟಿ, ನಿಧಾನಕ್ಕೆ. ಅವನ ಹಿಂದೆ ಒಂದೊಂದಾಗಿ ಉಳಿದ ವಾದ್ಯಗಳೂ ಸೇರಿದವು. ಯಾರೂ ಅವನನ್ನು ತಡೆಯಲಿಲ್ಲ. ತಡೆಯಬೇಕೆಂದು ತೋಚುವಷ್ಟರಲ್ಲಿ ಒಂದು ಸುತ್ತು ಮುಗಿದಿತ್ತು.

ಒಳಗಿನಿಂದ ಹೆಂಗಸರ ಅಳು ಎದ್ದಿತು. ದೊಡ್ಡಪ್ಪ ಹೊರಗೆ ಬಂದವರೇ ಮಾಸ್ತರನ ಕೋಟು ಹಿಡಿದರು. "ಏ, ನಿನಗ ಬುದ್ಧಿ ಐತೇನ? ಯಾರು ಬಾರಸಂದ್ರು?"

ಆ ಹುಡುಗ ಗಾಬರಿಯಾಗಿ ಕಟ್ಟೆ ತೋರಿಸಿದ. "ಹಿರ್ಯಾರು ಅಂದ್ರಲ್ರಿ. ಅಲ್ಲೇ ಕುಂತಿದ್ರು... ಕುಂತಾಂಗ ಕಂಡ್ರು. ಬಿಸಿಲು ಕಣ್ಣಾಗ ಹೊಡೀತಿತ್ರಿ."

ಆಗ ಓಣಿಯ ಜನರೆಲ್ಲ ನನ್ನ ಕಡೆ ತಿರುಗಿದರು. ಅಷ್ಟು ಜನ ಒಟ್ಟಿಗೆ ನನ್ನತ್ತ ತಿರುಗುವುದು ನನಗೆ ಹೊಸದಲ್ಲ. ಹಾಗೆ ತಿರುಗಿದಾಗಲೆಲ್ಲ ಚಪ್ಪಾಳೆ ಬಿದ್ದಿದೆ. ಅಭ್ಯಾಸಬಲದಿಂದ ನನ್ನ ತುಟಿಯಲ್ಲಿ ಒಂದು ಪೆಚ್ಚು ನಗೆ ಬಂದುಬಿಟ್ಟಿತು. ಅದೊಂದು ನಗೆ ನನ್ನನ್ನು ಕೆಡಿಸಿತು.

ಬಸು ಬಾಗಿಲಿಗೆ ಬಂದು ನಿಂತಿದ್ದ.

"ನೀನ ಏನ?"

"ಅಲ್ಲೋ ಬಸು, ಖರೇನ ನಾ ಅಲ್ಲ."

"ಮತ್ಯಾರು? ಊರಾಗ ಆ ದನಿ ತಗ್ಯಾಂವ ಇನ್ನೊಬ್ಬ ಅದಾನೇನು?"

ನನ್ನ ಪಕ್ಕದಲ್ಲಿದ್ದವನೊಬ್ಬ, "ಇಂವನ ಗಂಟಲ ಅಲುಗಾಡಿದ್ದು ನಾ ನೋಡೇನಿ" ಎಂದ.

"ನಿಮ್ಮಪ್ಪನಾಣಿ, ಬಸು, ನಾ ಅಲ್ಲ" ಎಂದೆ. ಆ ಹೊತ್ತಿನಲ್ಲಿ ನೆನಪಾಗಬಾರದ ಆಣೆಯೇ ಬಾಯಿಗೆ ಬಂತು.

ಬಸು ಬಾಗಿಲಲ್ಲೇ ನಿಂತು, "ಈಗ ಮಾತಾಡಾಕ ಹತ್ತಿದ್ದು ನಿನ್ನ ಖರೇ ದನಿ ಅಂತ ಹೆಂಗ ನಂಬಲಿ?" ಎಂದ. ಒಳಗೆ ಹೋಗಿ ನನ್ನ ಚೀಲವನ್ನು ತಂದು ಕಟ್ಟೆಯ ಮೇಲಿಟ್ಟ.

ಇಷ್ಟೇ ನಡೆದದ್ದು. ಪಕ್ಕದವನು ಸುಳ್ಳು ಹೇಳಿದ ಎಂದು ನಾನು ಹೇಳಲಾರೆ. ಆ ದನಿ ಬಂದಾಗ ನನ್ನ ಗಂಟಲಲ್ಲಿ ಏನೋ ಆದದ್ದು ನಿಜ. ಬಾಯಿಪಾಠ ಬರುವ ಹಾಡನ್ನು ಬೇರೆಯವರು ಹಾಡಿದರೆ ನಮ್ಮ ಗಂಟಲೂ ಸುಮ್ಮನೆ ಮಿಡುಕುತ್ತದಲ್ಲ, ಅಷ್ಟೇ ಇರಬೇಕು. ಆದರೆ ದನಿ ಬಂದದ್ದು ಕಟ್ಟೆಯ ಕಡೆಯಿಂದ. ಅದು ನನ್ನ ಕಿವಿಗೆ ಹೊರಗಿನಿಂದ ಬಂತು. ಇದನ್ನು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ.

ಬಸು ರೂಮು ಬಿಟ್ಟ. ಪರೀಕ್ಷೆಯ ಹಾಲಿನಲ್ಲಿ ಎದುರಾದರೆ ಗೋಡೆ ನೋಡುತ್ತಿದ್ದ. ಆ ಕಂಪನಿ ಮುಂದೆ ಹೆಸರು ಮಾಡಿತು, ಡ್ರಮ್ಮಿನ ಮೇಲೆ ಬಂಗಾರದ ಬಣ್ಣದ ಅಕ್ಷರ ಬಂದವು, ಲಗ್ನದ ದಿನಗಳಲ್ಲಿ ಅವರ ತಾರೀಖು ಸಿಗುವುದೇ ಕಷ್ಟ ಎನ್ನುವಂತಾಯಿತು. "ಇವರನ್ನು ಮೊದಲು ಕೇಳಿದವರು ನಾವು" ಎಂದು ಜಂಬ ಹೊಡೆಯುವ ಕಾಲ ಬಂದಾಗ ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ. ಒಬ್ಬನೇ ಒಂದೆರಡು ಮೆರವಣಿಗೆಗಳ ಹಿಂದೆ ನಡೆದೆ. ಕ್ಲಾರಿಯೋನೆಟ್ಟು ಒಳ್ಳೆಯ ತಿರುವು ತೆಗೆದುಕೊಂಡಾಗ ಮೊಣಕೈಯಿಂದ ತಿವಿಯಲು ಹೋಗಿ, ಯಾರೋ ಅಪರಿಚಿತರನ್ನು ತಿವಿದು, "ತಪ್ಪಾತ್ರಿ" ಎಂದು ಸರಿದೆ. ಆಮೇಲೆ ಹೋಗುವುದನ್ನೇ ಬಿಟ್ಟೆ.

ಕೆಲವು ವರ್ಷಗಳ ನಂತರ ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲಿ ಬಸುವಿನ ಅವ್ವ ಸಿಕ್ಕರು. ನಾನು ಮರೆಯಾಗಬೇಕೆನ್ನುವಷ್ಟರಲ್ಲಿ ಅವರೇ ಕೈ ಮಾಡಿ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಮದುವೆಯಾಯಿತೇ, ನೌಕರಿ ಎಲ್ಲಿ ಎಂದೆಲ್ಲ ಕೇಳಿದ ಮೇಲೆ, "ಅವರ ದನಿ ಒಮ್ಮೆ ತಗಿಯಪ್ಪಾ" ಎಂದರು.

ಆ ಸಂಜೆಯಿಂದ ನಾನು ಆ ದನಿ ತೆಗೆದಿರಲಿಲ್ಲ. ಚೆನ್ನಾಗಿ ಬಂದರೆ ಅವತ್ತು ಮಾಡಿದವನು ನಾನೇ ಎಂದಾಗುತ್ತದೆ. ಬೇಕೆಂದೇ ಕೆಡಿಸಬಹುದಿತ್ತು. ಆದರೆ ಅವರು ಆಗಲೇ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಆ ಮುಖದ ಮುಂದೆ ಕೆಡಿಸಲು ಮನಸ್ಸಾಗಲಿಲ್ಲ. ನನಗೆ ಬರುವಷ್ಟು ಚೆನ್ನಾಗಿ, ಮೆಲ್ಲಗೆ ಹೇಳಿದೆ.

ಅವ್ವ ಕಣ್ಣು ತೆರೆಯದೆಯೇ ನಕ್ಕರು. "ಅಗದೀ ಛಲೋ ತಗೀತಿ ನೀ. ಆದ್ರ ಇದು ನಿಂದು. ಅವತ್ತಿಂದು ನಿಂದಲ್ಲ. ನನಗ ಅವಾಗಿಂದನೂ ಗೊತ್ತೈತಿ."

"ಇದನ್ನ ಬಸೂಗ ಹೇಳ್ರಿ ಅವ್ವಾ" ಎಂದೆ. ದನಿ ಕುಂಯ್‌ಗುಟ್ಟಿತು. ಈ ಸಲ ನಾನು ಯಾರನ್ನೂ ಅಣಕಿಸುತ್ತಿರಲಿಲ್ಲ.

"ಹೇಳಾಕ ಹೋಗೂದಿಲ್ಲ ತಮ್ಮಾ. ಅವರು ಹಾಸಿಗ್ಯಾಗ ಕರದಾಗ ಅಂವ ಬರಲಿಲ್ಲ. ಕಟ್ಟಿ ಮ್ಯಾಲ ಬಂದು ಕುಂತ್ರು, ಅವಾಗೂ ಅಂವ ಒಳಗ ಕುಂತಿದ್ದ ಅಂತ ಆದ್ರ, ಬದುಕತಾನೇನು ಅಂವ? ನೀನ ಅಂದಿ ಅಂತ ತಿಳಕೊಂಡು ಇರವಲ್ಲನ್ಯಾಕ." ನನ್ನ ಕೈ ಹಿಡಿದರು. "ಸಿಟ್ಟಿನ ಮ್ಯಾಲರ ಇರಲಿ."

ಅವರ ಬಸ್ಸು ಬಂತು. ಸೀಟು ಹಿಡಿದು ಕೊಟ್ಟು ಇಳಿದೆ.

ಮುಂದೆ ಒಮ್ಮೆ ನೇಸರಗಿಯ ಒಂದು ಮದುವೆಯಲ್ಲಿ ಬಸು ಎದುರಾದ. ಅಷ್ಟರಲ್ಲಿ ಬ್ಯಾಂಡುಗಳು ಕಡಿಮೆಯಾಗಿ, ಗಾಡಿಯ ತುಂಬ ಸ್ಪೀಕರುಗಳನ್ನು ಹೇರಿಕೊಂಡು ಬರುವ ಕಾಲ ಬಂದಿತ್ತು. ಆ ಗದ್ದಲದಲ್ಲಿ ಅವನು ನನ್ನ ಕಿವಿಯ ಹತ್ತಿರ ಬಂದ. ತಲೆಯಲ್ಲಿ ಅಲ್ಲಲ್ಲಿ ಬೆಳ್ಳಗಿತ್ತು.

"ಇಷ್ಟು ವರ್ಷ ಆತು. ಈಗರೆ ಖರೇ ಹೇಳು. ಅವತ್ತು ನೀನ ಹೌದಲ್ಲೋ?"

ಅವನ ಕಣ್ಣು ನೋಡಿದೆ. ಅವನು ನನ್ನಿಂದ ಕೇಳಬಯಸಿದ್ದು ಒಂದೇ ಉತ್ತರ. ಅದು ಅಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

"ಹೌದೋ, ನಾನ" ಎಂದೆ.

ಬಸು ದೊಡ್ಡದೊಂದು ಉಸಿರು ಬಿಟ್ಟ. ಭುಜ ಇಳಿಯಿತು. "ನನಗ ಗೊತ್ತಿತ್ತು ಬಿಡು" ಎಂದು ಹೇಳಿ ಊಟದ ಸಾಲಿನ ಕಡೆ ನಡೆದ. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಅವನು ಇಂಥದ್ದನ್ನು ಓದುವವನಲ್ಲ ಎಂಬ ಧೈರ್ಯದಿಂದ ಇದನ್ನು ಬರೆದಿದ್ದೇನೆ. ನಿಮ್ಮ ಮುಂದೆ ಮುಚ್ಚುಮರೆ ಏಕೆ? ಆ ಸಂಜೆ ಮಾತಾಡಿದವನು ನಾನಲ್ಲ. ಕೆಲವು ಸಲ ಮಾತ್ರ ಅನ್ನಿಸುತ್ತದೆ, ಅದು ನಾನೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು. ಆಗ ಬಸುವಿನ ಮನೆಗೆ ಹೋಗಿ, ಕೈ ಮುಗಿದು, ತಪ್ಪಾಯಿತು ಎಂದಾದರೂ ಹೇಳಬಹುದಿತ್ತು.